ಮಿದುಳಿನೊಳಗಿನ ಗಡಿಯಾರವೂ ರಾತ್ರಿ ಪಾಳಿಯ ಕರೆಂಟೂ

ಪಾವಗಡ ತಾಲ್ಲೂಕಿನ ಬಲಸಮುದ್ರ, ತಿರುಮಣಿ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಬಯಲಿನಲ್ಲಿ ಈಗ ಬಿಸಿಲೇ ಬೆಳೆ. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ನೆಲವನ್ನು ರೈತರು ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆಗೆ ಕೊಟ್ಟಿದ್ದಾರೆ. 2018ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಹೊತ್ತು ಹುಟ್ಟಿದಾಗ ಅಲ್ಲಿ ವಿದ್ಯುತ್ತು ಹುಟ್ಟುತ್ತದೆ, ಹೊತ್ತು ಮುಳುಗಿದಾಗ ನಿಲ್ಲುತ್ತದೆ. ಆದರೆ ಅದೇ ತಾಲ್ಲೂಕಿನಲ್ಲಿ, ನೆರೆಯ ಮಧುಗಿರಿ, ಶಿರಾ, ಕೊರಟಗೆರೆ ತಾಲ್ಲೂಕುಗಳಲ್ಲಿ, ಕೊಳವೆ ಬಾವಿ ನಂಬಿದ ಎಷ್ಟೋ ರೈತರು ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗಾಗಿ ಹನ್ನೆರಡಕ್ಕೋ ಎರಡಕ್ಕೋ ಎದ್ದು, ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕಾಗಿದೆ.

ಈ ಭಾಗದ ರೈತರ ತರಬೇತಿಯೊಂದರಲ್ಲಿ ಹಿರಿಯ ರೈತರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ಹೀಗಿತ್ತು: "ಸಾರ್, ನಿದ್ದೆ ಅಂದ್ರೆ ನಿದ್ದೇನೆ ಅಲ್ವಾ? ರಾತ್ರಿ ಮೂರು ಗಂಟೆ ಕೆಟ್ರೆ ಮಧ್ಯಾಹ್ನ ಹುಣಸೆ ಮರದ ಕೆಳಗೆ ಮೂರು ಗಂಟೆ ಮಲಗ್ತೀನಿ. ಲೆಕ್ಕ ಸರಿಹೋಯ್ತಲ್ಲ. ಆದ್ರೂ ಮೈ ಯಾಕೆ ಇಷ್ಟು ಭಾರ?"

ಪ್ರಶ್ನೆ ನ್ಯಾಯವಾದದ್ದು. ನಿದ್ರೆಯನ್ನು ಗಂಟೆಯ ಲೆಕ್ಕದಲ್ಲಿ ಅಳೆದರೆ ಆ ಯಜಮಾನರ ಮಾತು ಸರಿ. ಆದರೆ ನಮ್ಮ ದೇಹ ಎಷ್ಟು ಗಂಟೆ ಎನ್ನುವುದರ ಜೊತೆಗೆ ಯಾವ ಹೊತ್ತು ಎನ್ನುವುದನ್ನೂ ಲೆಕ್ಕ ಇಡುತ್ತದೆ. ಆ ಲೆಕ್ಕ ಬರೆಯುವ ಗಡಿಯಾರ ಮಿದುಳಿನಲ್ಲಿದೆ. ಮನುಷ್ಯ, ಹಸು, ಎಮ್ಮೆ, ಕುರಿ, ನಾಯಿ, ಇಲಿ, ಬಾವಲಿ, ಹೀಗೆ ಹಾಲೂಡಿಸುವ ಪ್ರಾಣಿಗಳೆಲ್ಲವುಗಳಲ್ಲೂ ಅದು ಇದೆ. ಅದರ ಸ್ವಭಾವ ತಿಳಿದುಕೊಂಡರೆ ರಾತ್ರಿ ಪಾಳಿಯ ಕಷ್ಟ ಇಲ್ಲವಾಗದಿದ್ದರೂ ಕಡಿಮೆ ಮಾಡಿಕೊಳ್ಳಲು ದಾರಿಗಳಿವೆ.

ಸಾಸಿವೆ ಕಾಳಿಗಿಂತ ಚಿಕ್ಕದು

ಎರಡು ಕಣ್ಣುಗಳಿಂದ ಹೊರಟ ನರಗಳು ಮಿದುಳಿನ ತಳಭಾಗದಲ್ಲಿ ಒಂದನ್ನೊಂದು ಕತ್ತರಿಯಂತೆ ಅಡ್ಡ ಹಾಯುತ್ತವೆ. ಆ ಕತ್ತರಿಯ ನೆತ್ತಿಯ ಮೇಲೆ, ಎಡಕ್ಕೊಂದು ಬಲಕ್ಕೊಂದು, ಜೀವಕೋಶಗಳ ಎರಡು ಪುಟ್ಟ ಗುಂಪುಗಳಿವೆ. ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು. ಇದಕ್ಕೆ ವಿಜ್ಞಾನಿಗಳು ಸುಪ್ರಾಕಯಾಸ್ಮಾಟಿಕ್ ನ್ಯೂಕ್ಲಿಯಸ್ ಎಂಬ ಉದ್ದನೆಯ ಹೆಸರಿಟ್ಟಿದ್ದಾರೆ. ನಾವು ಗಡಿಯಾರದ ಕಾಳು ಎಂದು ಕರೆದುಕೊಳ್ಳೋಣ. ಇಲಿಯಲ್ಲಿ ಎರಡೂ ಸೇರಿ ಸುಮಾರು 20,000 ಕೋಶಗಳಿವೆ.

ಇದೇ ಗಡಿಯಾರ ಎಂದು ಗೊತ್ತಾದದ್ದು 1972ರಲ್ಲಿ. ಅಮೆರಿಕದ ಎರಡು ಪ್ರಯೋಗಾಲಯಗಳು ಪ್ರತ್ಯೇಕವಾಗಿ ಇಲಿಗಳ ಮಿದುಳಿನ ಈ ಭಾಗವನ್ನು ಮಾತ್ರ ಕೆಡಿಸಿ ನೋಡಿದವು. ಇಲಿಗಳು ಸಾಯಲಿಲ್ಲ, ಮೇವು ನೀರು ಬಿಡಲಿಲ್ಲ, ಆದರೆ ಅವುಗಳ ದಿನಚರಿ ಚೆಲ್ಲಾಪಿಲ್ಲಿಯಾಯಿತು. ರಾತ್ರಿಯೆಲ್ಲ ಓಡಾಡಿ ಹಗಲು ಮಲಗುತ್ತಿದ್ದ ಇಲಿಗಳು ಹೊತ್ತುಗೊತ್ತಿಲ್ಲದೆ ಸ್ವಲ್ಪ ಹೊತ್ತು ಮಲಗುವುದು, ಸ್ವಲ್ಪ ಹೊತ್ತು ಏಳುವುದು, ಹೀಗೆ ಮಾಡತೊಡಗಿದವು.

1990ರಲ್ಲಿ ಇನ್ನೂ ಗಟ್ಟಿಯಾದ ಪುರಾವೆ ಸಿಕ್ಕಿತು. ಹ್ಯಾಮ್‌ಸ್ಟರ್ ಎಂಬ ಇಲಿಯ ಜಾತಿಯ ಪ್ರಾಣಿಯಲ್ಲಿ ಹುಟ್ಟಿನಿಂದಲೇ ಗಡಿಯಾರ ವೇಗವಾಗಿ ಓಡುವ ಒಂದು ತಳಿ ದೊರೆತಿತ್ತು. ಅದರ ದಿನ ಸುಮಾರು 20 ಗಂಟೆಗೇ ಮುಗಿಯುತ್ತಿತ್ತು. ಆ ತಳಿಯ ಗಡಿಯಾರದ ಕಾಳನ್ನು ತೆಗೆದು, ಕಾಳು ಕೆಡಿಸಿದ್ದ ಸಾಧಾರಣ ಹ್ಯಾಮ್‌ಸ್ಟರಿನ ಮಿದುಳಿಗೆ ಕಸಿ ಮಾಡಿದರು. ಸಾಧಾರಣ ಪ್ರಾಣಿ 20 ಗಂಟೆಯ ದಿನ ನಡೆಸತೊಡಗಿತು. ಬೇರು ಗಿಡ ಯಾವುದಾದರೂ ಕಸಿ ಕಡ್ಡಿಯ ಹಣ್ಣೇ ಬಿಡುವ ಮಾವಿನಂತೆ ಎಂದರೆ ನಮ್ಮ ರೈತರಿಗೆ ಬೇಗ ಅರ್ಥವಾದೀತು.

ಈ ಕೋಶಗಳು ಹೊತ್ತನ್ನು ಅಳೆಯುವುದು ಹೇಗೆ? ನೀರಿನ ತೊಟ್ಟಿಯಲ್ಲಿ ತೇಲುವ ಗುಂಡು ಇರುವುದನ್ನು ನೋಡಿದ್ದೀರಿ. ನೀರು ತುಂಬುತ್ತ ಬಂದಂತೆ ಗುಂಡು ಮೇಲೇರಿ ಬರುವ ನೀರನ್ನು ಮುಚ್ಚುತ್ತದೆ, ನೀರು ಖರ್ಚಾದರೆ ಮತ್ತೆ ತೆರೆಯುತ್ತದೆ. ಕೋಶದೊಳಗೆ ಕೆಲವು ವಂಶವಾಹಿಗಳು ಒಂದು ಬಗೆಯ ಪ್ರೋಟೀನನ್ನು ತಯಾರಿಸುತ್ತವೆ. ಅದು ಶೇಖರವಾದಂತೆ ತನ್ನನ್ನು ತಯಾರಿಸುವ ವಂಶವಾಹಿಯನ್ನೇ ಮುಚ್ಚಿಸುತ್ತದೆ. ನಿಧಾನವಾಗಿ ಸವೆದುಹೋದ ಮೇಲೆ ಕೆಲಸ ಮತ್ತೆ ಆರಂಭ. ತುಂಬಿ ಬರಿದಾಗುವ ಈ ಒಂದು ಸುತ್ತಿಗೆ ಸುಮಾರು 24 ಗಂಟೆ ಹಿಡಿಯುತ್ತದೆ. ಇದರ ಮೊದಲ ವಂಶವಾಹಿಯ ಸುಳಿವು ಸಿಕ್ಕಿದ್ದು 1971ರಲ್ಲಿ, ಬಾಳೆಹಣ್ಣಿನ ಮೇಲೆ ಹಾರುವ ಸಣ್ಣ ನೊಣದಲ್ಲಿ. ಅದರ ಕೆಲಸವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಕತ್ತಲಲ್ಲಿಟ್ಟರೂ ನಿಲ್ಲದು

ಹೊರಗೆ ಬೆಳಗಾಗುವುದರಿಂದ ನಮಗೆ ಎಚ್ಚರವಾಗುತ್ತದೆ, ಒಳಗೆ ಗಡಿಯಾರ ಇದೆ ಎನ್ನುವುದಕ್ಕೆ ಏನು ಆಧಾರ ಎಂದು ಕೇಳಬಹುದು. ತನ್ನ ಕೋಳಿ ಕೂಗದಿದ್ದರೆ ಊರಿಗೇ ಬೆಳಗಾಗದೆಂದು ಜಂಬ ಕೊಚ್ಚಿದ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಅಜ್ಜಿಯ ಲೆಕ್ಕ ತಪ್ಪು. ಆದರೆ ಬೆಳಕು ಕಂಡ ಮೇಲೆಯೇ ಕೋಳಿ ಕೂಗುತ್ತದೆ ಎನ್ನುವವರ ಲೆಕ್ಕವೂ ಪೂರ್ತಿ ಸರಿಯಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಂಜಗಳನ್ನು ಹಗಲು ರಾತ್ರಿ ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟಿದ್ದರು. ಹೊರಗಿನ ಬೆಳಗು ಅವಕ್ಕೆ ಗೊತ್ತಾಗುವಂತಿರಲಿಲ್ಲ. ಆದರೂ ಅವು ಸುಮಾರು ಒಂದು ದಿನಕ್ಕೊಮ್ಮೆ, ತಮ್ಮ ಲೆಕ್ಕದ ಬೆಳಗಿನ ಜಾವಕ್ಕೆ ಸರಿಯಾಗಿ ಕೂಗಿದವು.

ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ 1999ರಲ್ಲಿ ಹೊರಬಂದ ಒಂದು ಫಲಿತಾಂಶ ಇದಕ್ಕಿಂತಲೂ ಬೆರಗಿನದು. ಹಣ್ಣಿನ ನೊಣಗಳನ್ನು 600 ತಲೆಮಾರುಗಳವರೆಗೆ ರಾತ್ರಿಯೇ ಇಲ್ಲದ, ಸದಾ ಬೆಳಕಿರುವ ಜಾಗದಲ್ಲಿ ಸಾಕಲಾಗಿತ್ತು. ಆ ವಂಶದ ನೊಣಗಳನ್ನು ಕತ್ತಲಿಗೆ ತಂದು ನೋಡಿದರೆ, ಕೋಶದಿಂದ ಹೊರಬರುವ ಅವುಗಳ ಹೊತ್ತಿನ ಲೆಕ್ಕ ಅಳಿದಿರಲಿಲ್ಲ. ಮನುಷ್ಯನ ತಲೆಮಾರಿಗೆ 25 ವರ್ಷ ಹಿಡಿದರೆ 600 ತಲೆಮಾರು ಎಂದರೆ 15,000 ವರ್ಷ. ಹತ್ತು ವರ್ಷ ರಾತ್ರಿ ಪಾಳಿ ಮಾಡಿದರೆ ಮೈ ಒಗ್ಗಿಹೋಗುತ್ತದೆ ಎನ್ನುವವರು ಈ ನೊಣವನ್ನು ನೆನೆಸಿಕೊಳ್ಳಬೇಕು.

ಆ ಸಂಶೋಧಕರಲ್ಲೊಬ್ಬರಾದ ಪ್ರೊ. ಎಂ. ಕೆ. ಚಂದ್ರಶೇಖರನ್ ಅವರು ಬೆಂಗಳೂರಿಗೆ ಬರುವ ಮುನ್ನ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿಯ ಗುಹೆಗಳ ಬಾವಲಿಗಳ ಮೇಲೆ ಅವರೂ ಅವರ ಸಂಗಡಿಗರೂ ಮಾಡಿದ ಕೆಲಸ 1978ರಲ್ಲಿ ಪ್ರಕಟವಾಯಿತು. ಗುಹೆಯ ಕಗ್ಗತ್ತಲೆಯಲ್ಲಿ ಪಂಜರದಲ್ಲಿಟ್ಟ ಬಾವಲಿಗೆ ಹೊರಗಿನ ಸಂಜೆ ಕಾಣುವುದಿಲ್ಲ. ಆದರೂ ಸಂಗಡಿಗ ಬಾವಲಿಗಳು ಸಂಜೆ ಹಾರಿಹೋಗಿ ಬೆಳಗಿನ ಜಾವ ಮರಳುವ ಗುಹೆಯಲ್ಲಿ ಅದರ ಗಡಿಯಾರ ಅವುಗಳ ಜೊತೆ ಸರಿಹೊಂದಿಕೊಂಡಿತ್ತು. ಬೇರೆ ಬಾವಲಿಗಳಿಲ್ಲದ ಗುಹೆಯಲ್ಲಿ ಒಂಟಿಯಾಗಿಟ್ಟಾಗ ಅದರ ಗಡಿಯಾರ ನಿಲ್ಲಲಿಲ್ಲ, ಆದರೆ ಹೊರಗಿನ ದಿನದಿಂದ ಕಳಚಿಕೊಂಡು ತನ್ನ ಪಾಡಿಗೆ ನಡೆಯಿತು.

ಮನುಷ್ಯನೂ ಇದಕ್ಕೆ ಹೊರತಲ್ಲ. ಫ್ರಾನ್ಸಿನ ಮಿಶೆಲ್ ಸಿಫ್ರ್ ಎಂಬಾತ 1962ರಲ್ಲಿ ಗಡಿಯಾರವಿಲ್ಲದೆ ಎರಡು ತಿಂಗಳು ಗುಹೆಯೊಳಗಿದ್ದು ಸೆಪ್ಟೆಂಬರ್ 14ರಂದು ಹೊರಬಂದಾಗ, ಅವನ ಲೆಕ್ಕದಲ್ಲಿ ಅಂದು ಆಗಸ್ಟ್ 20. ದಿನಗಳ ಎಣಿಕೆ ತಪ್ಪಿತ್ತೇ ಹೊರತು ಮಲಗಿ ಏಳುವ ಒಂದೊಂದು ಸುತ್ತು ಮಾತ್ರ 24 ಗಂಟೆಗಿಂತ ತುಸು ಹೆಚ್ಚಿನದಾಗಿತ್ತು. ಮನುಷ್ಯನ ಗಡಿಯಾರದ ಸ್ವಂತ ನಡಿಗೆ ಸರಾಸರಿ 24 ಗಂಟೆ 10 ನಿಮಿಷದ ಸುಮಾರು ಎಂದು ಈಚಿನ ನಿಖರವಾದ ಅಳತೆಗಳು ಹೇಳುತ್ತವೆ. ಪ್ರತಿದಿನ ಅಷ್ಟು ತಡವಾಗುವ ಗಡಿಯಾರವನ್ನು ಪ್ರತಿದಿನ ಮುಂದಕ್ಕೆ ತಿರುಗಿಸಿ ಸರಿಮಾಡುವುದು ಬೆಳಗಿನ ಸೂರ್ಯ.

ಕಣ್ಣಿಗೆ ಇನ್ನೊಂದು ಕೆಲಸ

ಕಣ್ಣು ಇರುವುದು ನೋಡುವುದಕ್ಕೆ ಎಂದು ನಾವು ತಿಳಿದಿದ್ದೇವೆ. ಕಣ್ಣಿನ ಹಿಂಪರದೆಯಲ್ಲಿ ಆಕಾರ, ಬಣ್ಣ ನೋಡುವ ಕೋಶಗಳಲ್ಲದೆ ಬೆಳಕಿನ ಪ್ರಮಾಣವನ್ನು ಅಳೆಯುವ ಬೇರೊಂದು ಬಗೆಯ ಕೋಶಗಳಿವೆ ಎಂಬುದು 2002ರಲ್ಲಿ ಸ್ಪಷ್ಟವಾಯಿತು. ಇವು ಗಡಿಯಾರದ ಕಾಳಿಗೆ ನೇರವಾಗಿ ತಂತಿ ಎಳೆದುಕೊಂಡಿವೆ. ನೀಲಿ ಬೆಳಕಿಗೆ ಇವು ಹೆಚ್ಚು ಸ್ಪಂದಿಸುತ್ತವೆ, ಕೆಂಪು ಬೆಳಕಿಗೆ ತೀರ ಕಡಿಮೆ. ನೋಟ ಪೂರ್ತಿ ಹೋದ ಕೆಲವರಲ್ಲಿಯೂ ಈ ಕೋಶಗಳು ಉಳಿದಿರುವುದುಂಟು. ಅಂಥವರ ಹಗಲು ರಾತ್ರಿ ಕೆಡುವುದಿಲ್ಲ.

ಹೊಲದಲ್ಲಿ ದುಡಿಯುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಬಯಲಿನ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಮೋಡ ಕವಿದ ದಿನವೂ ಹಲವು ಸಾವಿರ ಲಕ್ಸ್ ಇರುತ್ತದೆ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಇನ್ನೂರು ಮುನ್ನೂರು ಮಾತ್ರ. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ. ಹಿಂದಿನವರು ಬೆಳದಿಂಗಳಲ್ಲಿ ಕಣ ಮಾಡಿದರೂ, ರಾಗಿ ತೂರಿದರೂ ಅವರ ಗಡಿಯಾರ ಹೆಚ್ಚು ಅಲುಗಲಿಲ್ಲ. ಹಗಲು ಚೆನ್ನಾಗಿ ಬೆಳಕು ಕಂಡ ಕಣ್ಣಿಗೆ ರಾತ್ರಿಯ ದೀಪದ ಉಪದ್ರವವೂ ಕಡಿಮೆ ಎಂದು ಪ್ರಯೋಗಗಳು ತಿಳಿಸುತ್ತವೆ. ಈ ವಿಷಯದಲ್ಲಿ ಪಟ್ಟಣದ ಕಚೇರಿಯಲ್ಲಿ ಕುಳಿತವರಿಗಿಂತ ನಮ್ಮ ಕುರಿಗಾಹಿ ಮೇಲು.

ಇನ್ನೊಂದು ಮಾತು. ಗಡಿಯಾರದ ಕಾಳಿಗೆ ಭಾರತೀಯ ಸಮಯ ಗೊತ್ತಿಲ್ಲ. ನಮ್ಮ ಕೈಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ರೇಖಾಂಶದ ಲೆಕ್ಕದಲ್ಲಿ. ಪಾವಗಡದ ಕಡೆ ಸೂರ್ಯ ನೆತ್ತಿಗೆ ಬರುವುದು ಸರಾಸರಿಯಲ್ಲಿ 12 ಗಂಟೆ 20 ನಿಮಿಷದ ಸುಮಾರಿಗೆ. ಮಿದುಳು ಅನುಸರಿಸುವುದು ಆ ಸೂರ್ಯನನ್ನೇ.

ಈ ಬೆಳಕಿನ ಸುದ್ದಿ ಪಡೆದ ಗಡಿಯಾರ ಇಡೀ ದೇಹಕ್ಕೆ ಹೊತ್ತು ಸಾರುತ್ತದೆ. ಕತ್ತಲಾದ ಮೇಲೆ ಪೀನಿಯಲ್ ಎಂಬ ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಮೈ ಬಿಸಿ ನಿಧಾನವಾಗಿ ಇಳಿಯುತ್ತ ಬೆಳಗಿನ ಜಾವ ನಾಲ್ಕು ಐದರ ಹೊತ್ತಿಗೆ ದಿನದ ಅತಿ ಕಡಿಮೆ ಮಟ್ಟಕ್ಕೆ ಬರುತ್ತದೆ. ದಮ್ಮು ಇರುವ ಹಿರಿಯರಿಗೆ ಆ ಹೊತ್ತಿನಲ್ಲೇ ಉಸಿರು ಹೆಚ್ಚು ಕಟ್ಟುವುದು ಮನೆಮಂದಿಗೆಲ್ಲ ಗೊತ್ತಿರುವ ವಿಚಾರ. ಏಳುವ ಮುನ್ನವೇ ದೇಹ ಎಚ್ಚರದ ರಸಗಳನ್ನು ಬಿಟ್ಟು ರಕ್ತದೊತ್ತಡ ಏರಿಸಲು ಆರಂಭಿಸುತ್ತದೆ. ಹೃದಯಾಘಾತಗಳು ಬೆಳಗಿನ ಗಂಟೆಗಳಲ್ಲಿ ಹೆಚ್ಚು ಎಂದು 1985ರಿಂದೀಚೆಗೆ ಲೆಕ್ಕವಿಟ್ಟು ತೋರಿಸಿರುವುದಕ್ಕೆ ಇದೂ ಒಂದು ಕಾರಣ.

ಯಕೃತ್ತು, ಕರುಳು, ಹೃದಯ, ಹೀಗೆ ಒಂದೊಂದು ಅಂಗಕ್ಕೂ ತನ್ನದೇ ಚಿಕ್ಕ ಗಡಿಯಾರವಿದೆ. ಮಿದುಳಿನದು ಊರ ಗುಡಿಯ ಗಂಟೆ, ಉಳಿದವು ಮನೆ ಮನೆಯ ಗಡಿಯಾರ ಎಂದು ತಿಳಿಯಿರಿ. ಮನೆಯವರು ಗುಡಿಯ ಗಂಟೆ ಕೇಳಿ ಸರಿಮಾಡಿಕೊಳ್ಳುತ್ತಾರೆ. ಆದರೆ ಯಕೃತ್ತಿನ ಗಡಿಯಾರ ಬೆಳಕಿಗಿಂತ ಊಟದ ಹೊತ್ತಿಗೆ ಹೆಚ್ಚು ಕಿವಿಗೊಡುತ್ತದೆ. ರಾತ್ರಿ ಎರಡು ಗಂಟೆಗೆ ಹೊಟ್ಟೆ ತುಂಬ ಉಂಡರೆ ಅದು ಹಗಲೆಂದು ತಿಳಿಯುತ್ತದೆ, ಮಿದುಳು ಮಾತ್ರ ರಾತ್ರಿಯೆನ್ನುತ್ತದೆ. ಒಂದೇ ಮೈಯೊಳಗೆ ಎರಡು ಹೊತ್ತು. ಆ ಯಜಮಾನರು ಹೇಳಿದ ಮೈ ಭಾರದ ಮೂಲ ಬಹುಮಟ್ಟಿಗೆ ಇಲ್ಲಿದೆ. ಮಧ್ಯಾಹ್ನ ಹುಣಸೆ ಮರದ ಕೆಳಗೆ ಮಲಗಿದ ಮೂರು ಗಂಟೆ ವ್ಯರ್ಥವಲ್ಲ. ಆದರೆ ಆಗ ಮಿದುಳಿನ ಗಡಿಯಾರ ಮೈಯನ್ನು ಎಬ್ಬಿಸುವ ಕೆಲಸದಲ್ಲಿರುತ್ತದೆ. ನಿದ್ರೆ ತೆಳು, ತುಂಡು ತುಂಡು.

ಒಂದು ದಿನಕ್ಕೆ ಒಂದು ಗಂಟೆ

ರಾತ್ರಿ ಪಾಳಿಯ ಬಗ್ಗೆ ನೆನಪಿಡಬೇಕಾದ ಮುಖ್ಯ ಅಂಶ ಇದು: ಗಡಿಯಾರದ ಕಾಳು ಬೇಗ ಜರುಗುವುದಿಲ್ಲ. ಹೊಸ ಹೊತ್ತಿಗೆ ಹೊಂದಿಕೊಳ್ಳಲು ಅದು ಜರುಗುವುದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು, ಅದೂ ಬೆಳಕು ಅನುಕೂಲವಾಗಿದ್ದರೆ. ಕರೆಂಟಿನ ಪಾಳಿ ಒಂದು ವಾರ ಹಗಲು, ಒಂದು ವಾರ ರಾತ್ರಿ ಎಂದು ಬದಲಾಗುವ ಕಡೆಗಳಲ್ಲಿ ಏನಾಗುತ್ತದೆ ನೋಡಿ. ಆರೇಳು ಗಂಟೆ ಜರುಗಲು ಅದಕ್ಕೆ ಒಂದು ವಾರ ಬೇಕು. ಇನ್ನೇನು ಹೊಂದಿಕೊಂಡೀತು ಎನ್ನುವಷ್ಟರಲ್ಲಿ ಪಾಳಿ ಮತ್ತೆ ಹಗಲಿಗೆ ಬರುತ್ತದೆ. ಜೊತೆಗೆ ಪ್ರತಿದಿನ ಬೆಳಗಿನ ಬಿಸಿಲು ಅದನ್ನು ಹಿಡಿದು ಹಿಂದಿನ ಜಾಗಕ್ಕೆ ಎಳೆಯುತ್ತಿರುತ್ತದೆ. ಹೀಗಾಗಿ ವರ್ಷವಿಡೀ ಗಡಿಯಾರ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಇದರ ಬೆಲೆ ಸಣ್ಣದಲ್ಲ. ರಾತ್ರಿ ಹೊತ್ತು ಉಂಡ ಅನ್ನದ ಸಕ್ಕರೆಯನ್ನು ದೇಹ ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಬಹುಕಾಲ ರಾತ್ರಿ ಪಾಳಿ ಮಾಡಿದವರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗ ಹೆಚ್ಚು ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2007ರಲ್ಲಿ ಇಂಥ ದುಡಿಮೆಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲವುಗಳ ಪಟ್ಟಿಗೆ ಸೇರಿಸಿ, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲಿಯೇ ಉಳಿಸಿತು. ಈ ಅಧ್ಯಯನಗಳು ಹೆಚ್ಚಾಗಿ ಕಾರ್ಖಾನೆ, ಆಸ್ಪತ್ರೆಗಳ ಪಾಳಿಯವರ ಮೇಲೆ ನಡೆದಂಥವು. ಪಂಪ್‌ಸೆಟ್ಟಿನ ಪಾಳಿಯವನನ್ನು ಪಾಳಿ ಕೆಲಸಗಾರ ಎಂದು ಯಾರೂ ಎಣಿಸುವುದೇ ಇಲ್ಲ, ಭತ್ಯೆಯೂ ಇಲ್ಲ, ವಾರದ ರಜೆಯೂ ಇಲ್ಲ.

ತತ್‌ಕ್ಷಣದ ಅಪಾಯ ಬೇರೆಯೇ ಇದೆ. ರಾತ್ರಿ ಎರಡರಿಂದ ಐದರವರೆಗೆ ಮಿದುಳಿನ ಎಚ್ಚರ ದಿನದಲ್ಲೇ ಅತಿ ಕಡಿಮೆ. ಅಮೆರಿಕದ ತ್ರೀ ಮೈಲ್ ಐಲೆಂಡಿನ ಅಣುಸ್ಥಾವರದ ಅವಘಡ (1979) ಆರಂಭವಾದದ್ದು ಬೆಳಗಿನ ಜಾವ 4 ಗಂಟೆಗೆ, ಚೆರ್ನೋಬಿಲ್‌ನದು (1986) ರಾತ್ರಿ 1 ಗಂಟೆ 23 ನಿಮಿಷಕ್ಕೆ. ಅವುಗಳಿಗೆ ಬೇರೆ ದೊಡ್ಡ ಕಾರಣಗಳಿದ್ದವು, ನಿಜ. ಆದರೆ ಪೂರ್ತಿ ಎಚ್ಚರವಿಲ್ಲದ ಮನುಷ್ಯ, ಒದ್ದೆ ಕೈ, ಮುಚ್ಚಳ ಕಿತ್ತುಹೋದ ಸ್ಟಾರ್ಟರ್ ಪೆಟ್ಟಿಗೆ, ಈ ಮೂರೂ ಕೂಡುವ ಹೊತ್ತೂ ಅದೇ ಎಂಬುದನ್ನು ಮರೆಯಲಾಗದು. ಕೊಳಕುಮಂಡಲ, ಕಟ್ಟುಹಾವುಗಳ ಓಡಾಟದ ಹೊತ್ತೂ ರಾತ್ರಿಯೇ.

ಆದುದರಿಂದ ರಾತ್ರಿ ಏಳಲೇಬೇಕಾದವರು ಗಡಿಯಾರವನ್ನು ಜರುಗಿಸದೆ ಕೆಲಸ ಮುಗಿಸುವುದನ್ನು ಕಲಿಯುವುದು ಉತ್ತಮ. ಮೊದಲ ನಿದ್ರೆಯನ್ನು ಕಾಪಾಡಿಕೊಳ್ಳಿರಿ. ಒಂದು ಗಂಟೆಗೆ ಏಳಬೇಕಿದ್ದರೆ ಎಂಟಕ್ಕೇ ಉಂಡು ಮಲಗುವುದು, ಮೊಬೈಲ್ ಹಿಡಿದು ಕರೆಂಟಿಗೆ ಕಾಯದಿರುವುದು. ದಾರಿಗೆ ಬೆಳಕು ಬೇಕೇ ಬೇಕು. ಗಡಿಯಾರದ ಮಾತು ಕೇಳಿ ಬ್ಯಾಟರಿ ಮಂದ ಮಾಡಿಕೊಂಡು ಹಾವು ತುಳಿಯುವುದು ಜಾಣತನವಲ್ಲ. ಬೆಳಕು ಕಾಲಿನ ಮುಂದೆ ಬೀಳಲಿ, ಕಣ್ಣಿಗೆ ಬೇಡ. ಬೂಟು ಮರೆಯಬೇಡಿರಿ. ಮೋಟಾರು ಮನೆಯಲ್ಲಿ ಕಣ್ಣು ಕುಕ್ಕುವ ಬಿಳಿ ಬಲ್ಬಿನ ಬದಲು ಹಳದಿ ಬಣ್ಣದ ಸಣ್ಣ ಬಲ್ಬು ಸಾಕು. ಆ ಹೊತ್ತಿನಲ್ಲಿ ಊಟ ಬೇಡ, ನೀರು ಸಾಕು. ಚಹಾದ ಪರಿಣಾಮ ಐದಾರು ಗಂಟೆ ಮೈಯಲ್ಲಿ ಉಳಿಯುವುದರಿಂದ ಮತ್ತೆ ಮಲಗುವವರು ಅದನ್ನು ಮುಟ್ಟದಿರುವುದೇ ಸರಿ. ಎಷ್ಟೇ ನಿದ್ದೆಗೆಟ್ಟರೂ ಬೆಳಗ್ಗೆ ದಿನದ ಹೊತ್ತಿಗಿಂತ ತೀರ ತಡವಾಗದಂತೆ ಎದ್ದು ಬಿಸಿಲಿಗೆ ಬಂದು, ಉಳಿದ ನಿದ್ರೆಯನ್ನು ಮಧ್ಯಾಹ್ನ ಊಟವಾದ ಮೇಲೆ ತೀರಿಸಿಕೊಳ್ಳಿರಿ. ಊಟದ ನಂತರದ ತೂಕಡಿಕೆಯೂ ಗಡಿಯಾರದ್ದೇ ಕೆಲಸ. ಆ ಹೊತ್ತಿನ ನಿದ್ರೆ ಸಂಜೆಯ ನಿದ್ರೆಗಿಂತ ಲೇಸು.

ಸೌರ ಪಾರ್ಕಿನಲ್ಲೋ ಬೇರೆಡೆಯೋ ತಿಂಗಳುಗಟ್ಟಲೆ ರಾತ್ರಿ ಕಾವಲಿಗೆ ಹೋಗುವವರಿಗೆ ಈ ಸಲಹೆ ತಿರುಗುಮುರುಗು. ಅವರು ಮನೆಗೆ ಮರಳುವಾಗ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಬಿಸಿಲು ತಪ್ಪಿಸಿ, ಕಿಟಕಿಗೆ ಗೋಣಿ ಕಟ್ಟಿದ ಕತ್ತಲ ಕೋಣೆಯಲ್ಲಿ ಬಂದ ಕೂಡಲೇ ಮಲಗಬೇಕು. ಮನೆಯವರು ಅವರನ್ನು ಹತ್ತು ಗಂಟೆಗೆ ನೀರು ಕಟ್ಟಲು ಎಬ್ಬಿಸಬಾರದು.

ಬೆಳಗ್ಗೆ ಮಗ ಏಳುವುದಿಲ್ಲ ಎಂದು ಬೈಯುವ ಅಪ್ಪಂದಿರಿಗೆ ಒಂದು ಮಾತು. ಹದಿನಾಲ್ಕರಿಂದ ಇಪ್ಪತ್ತರವರೆಗಿನ ವಯಸ್ಸಿನಲ್ಲಿ ಗಡಿಯಾರ ತಾನಾಗಿಯೇ ತಡವಾಗಿ ನಡೆಯುತ್ತದೆ, ವಯಸ್ಸಾದಂತೆ ಮತ್ತೆ ಮುಂದಕ್ಕೆ ಬರುತ್ತದೆ. ಅಜ್ಜ ನಾಲ್ಕಕ್ಕೆ ಏಳುವುದೂ ಮೊಮ್ಮಗ ಎಂಟಾದರೂ ಏಳದಿರುವುದೂ ಪೂರ್ತಿ ಅವರವರ ಗುಣವಲ್ಲ. ಉಳಿದ ಪಾಲು ಮೊಬೈಲಿನದು, ಅದಕ್ಕೆ ಬೈಯಬಹುದು.

ಕೊಟ್ಟಿಗೆಯ ಗಡಿಯಾರ

ಹಸು ಎಮ್ಮೆಗಳ ಮಿದುಳಿನಲ್ಲೂ ಇದೇ ಕಾಳು ಇರುವುದರಿಂದ ಕೊಟ್ಟಿಗೆಯಲ್ಲಿ ರಾತ್ರಿಯಿಡೀ ದೀಪ ಉರಿಸುವುದು ಸರಿಯಲ್ಲ. ಅಮೆರಿಕದ ಮಿಶಿಗನ್‌ನಲ್ಲಿ 1978ರಲ್ಲಿ, ಚಳಿಗಾಲದ ಮೋಟು ಹಗಲಿಗೆ ದೀಪ ಸೇರಿಸಿ 16 ಗಂಟೆ ಬೆಳಕು ಕೊಟ್ಟಾಗ ಹಾಲು ಹೆಚ್ಚಿದ್ದು ಕಂಡುಬಂದಿತು. ಆದರೆ 24 ಗಂಟೆಯೂ ಬೆಳಕು ಕೊಟ್ಟರೆ ಆ ಲಾಭವಿಲ್ಲ. ರಾಸಿಗೂ ಆರೆಂಟು ಗಂಟೆ ಕತ್ತಲು ಬೇಕು. ನಮ್ಮ ಕಡೆ ವರ್ಷದ ಅತಿ ಮೋಟು ಹಗಲೂ 11 ಗಂಟೆಗೆ ಮೇಲೆ, ಅತಿ ಉದ್ದದ್ದು 13 ಗಂಟೆಯ ಆಸುಪಾಸು. ಆದುದರಿಂದ ಹಾಲಿಗಾಗಿ ದೀಪ ಹಾಕುವ ಖರ್ಚು ನಮಗೆ ಬೇಡ. ಹಗಲಿನ ಉದ್ದ ಹೆಚ್ಚು ಬದಲಾಗದ ಕಾರಣದಿಂದಲೇ ಚಳಿ ದೇಶಗಳ ಕುರಿಗಳು ಹಗಲು ಮೋಟಾಗುವ ಕಾಲಕ್ಕೆ ಮಾತ್ರ ಬೆದೆಗೆ ಬಂದರೆ, ಶಿರಾ ಪಾವಗಡದ ಕುರಿಗಳು ಬಹುಮಟ್ಟಿಗೆ ವರ್ಷವಿಡೀ ಬರುತ್ತವೆ. ಇಲ್ಲಿ ಮಳೆ ಬಿದ್ದು ಚಿಗುರಿದ ಹುಲ್ಲಿನ ಪ್ರಭಾವವೇ ದೊಡ್ಡದು.

ಹಾಲು ಕರೆಯುವ ಹೊತ್ತನ್ನು ಮಾತ್ರ ಕೆಡಿಸಬೇಡಿರಿ. ಡೇರಿಗೆ ಹಾಲು ಹಾಕುವ ಹೊತ್ತು ನಿಗದಿಯಾಗಿರುವುದರಿಂದ ಹಸು ಆ ಹೊತ್ತಿಗೆ ಸೊರೆಬಿಡಲು ಸಿದ್ಧವಾಗಿರುತ್ತದೆ. ಬೆದೆಯ ಲಕ್ಷಣ, ಅದರಲ್ಲೂ ಎಮ್ಮೆಗಳದು, ಹೆಚ್ಚು ಕಾಣುವುದು ರಾತ್ರಿ ಮತ್ತು ಬೆಳಗಿನ ಜಾವ. ಮೋಟಾರಿಗೆ ಎದ್ದವರು ಹೋಗುವಾಗ ಬರುವಾಗ ಕೊಟ್ಟಿಗೆಗೆ ಒಮ್ಮೆ ಇಣುಕಿದರೆ, ಹಗಲಲ್ಲಿ ಕಣ್ಣಿಗೆ ಬೀಳದ ಬೆದೆ ಸಿಕ್ಕೀತು. ಬೆಳಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸುವುದು ರೂಢಿ.

ಕೆನಡಾದ ಮ್ಯಾನಿಟೋಬಾ ಪ್ರಾಂತದ ಗಸ್ ಕೊನೆಫಾಲ್ ಎಂಬ ದನ ಸಾಕುವ ರೈತ 1970ರ ದಶಕದಲ್ಲಿ ಕಂಡುಕೊಂಡದ್ದು ಇನ್ನೊಂದಿದೆ. ಗಬ್ಬದ ಹಸುಗಳಿಗೆ ಮೇವನ್ನು ಬೆಳಗ್ಗೆ ಬೇಗ ಹಾಕುವ ಬದಲು ಒಮ್ಮೆ ನಡುಹಗಲಿಗೆ ಮುಂಚೆ, ಮತ್ತೊಮ್ಮೆ ರಾತ್ರಿ ಹೊತ್ತಾಗಿ ಹಾಕಿದಾಗ ನೂರಕ್ಕೆ ಸುಮಾರು 80 ಹಸುಗಳು ಹಗಲು ಹೊತ್ತಿನಲ್ಲೇ ಕರು ಹಾಕಿದವು. ಆಮೇಲೆ ಬೇರೆಡೆ ಪರೀಕ್ಷಿಸಿದವರಿಗೂ ಹೆಚ್ಚು ಕಡಿಮೆ ಹೀಗೆಯೇ ಕಂಡಿತು. ನಮ್ಮಲ್ಲಿ ಒಂದೆರಡು ಹಸು ಇರುವವರೂ ದಿನ ತುಂಬುವ ಒಂದು ತಿಂಗಳು ಮುಂಚಿನಿಂದ ಮುಖ್ಯ ಮೇವನ್ನು ಸಂಜೆಗೆ ಹಾಕಿ ನೋಡಬಹುದು. ಖರ್ಚೇನೂ ಇಲ್ಲ, ಹಗಲು ಕರು ಹಾಕಿದರೆ ಪಶುವೈದ್ಯರು ಸಿಗುವುದೂ ಸುಲಭ.

ರೇಷ್ಮೆ ಬೆಳೆಗಾರರಂತೂ ಹೆಸರು ತಿಳಿಯದೆಯೇ ಈ ವಿದ್ಯೆಯನ್ನು ಬಳಸುತ್ತಿದ್ದಾರೆ. ಮೊಟ್ಟೆಯಲ್ಲಿ ಕಪ್ಪು ಚುಕ್ಕೆ ಕಂಡ ಮೇಲೆ ಕಪ್ಪು ಕಾಗದ ಸುತ್ತಿ ಕತ್ತಲೆಯಲ್ಲಿಟ್ಟು, ಒಡೆಯುವ ದಿನ ಬೆಳಗ್ಗೆ ಒಮ್ಮೆಲೇ ಬೆಳಕಿಗೆ ತೆರೆದರೆ ಹುಳುಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಹುಳುವಿಗೆ ಹಸುವಿನಂಥ ಮಿದುಳಿಲ್ಲ, ಆದರೆ ಬೆಳಕು ಕಂಡು ಹೊತ್ತು ಹಿಡಿಯುವ ಗುಣ ಒಂದೇ.

ಪಾಳಿ ಹಂಚಿಕೊಳ್ಳುವ ಬಗೆ

ಒಂದು ರಾತ್ರಿ ನಿದ್ದೆಗೆಟ್ಟರೆ ಗಡಿಯಾರ ಜರುಗುವುದಿಲ್ಲ, ಸಾಲಾಗಿ ಹಲವು ರಾತ್ರಿ ಕೆಟ್ಟರೆ ಜರುಗುತ್ತದೆ. ಇದನ್ನು ತಿಳಿದು, ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿರುವ ಐದು ಜನ ರೈತರು ಒಪ್ಪಂದ ಮಾಡಿಕೊಂಡರೆ, ಐವರೂ ಪ್ರತಿ ರಾತ್ರಿ ಏಳುವ ಬದಲು ಒಬ್ಬೊಬ್ಬರು ಐದು ರಾತ್ರಿಗೊಮ್ಮೆ ಎದ್ದು ಎಲ್ಲರ ಮೋಟಾರು ಹಾಕಬಹುದು. ಬಾವಿಗಳು ಹತ್ತಿರ ಹತ್ತಿರ ಇದ್ದು, ನೀರು ಹನಿ ನೀರಾವರಿಗೆ ಹೋಗುವಂತಿದ್ದರೆ ಇದು ಸುಲಭ. ಕಾಲುವೆ ತಿರುಗಿಸಬೇಕಾದ ಕಡೆ ಕಷ್ಟ. ಜಗಳವಾಗದಂತೆ ಯಾರ ವಾಲ್ವ್ ಎಷ್ಟು ಹೊತ್ತು ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು.

ಕೃಷಿ ಹೊಂಡ ಅಥವಾ ತೊಟ್ಟಿ ಇರುವವರು ರಾತ್ರಿಯ ಕರೆಂಟಿನಲ್ಲಿ ನೀರನ್ನು ಅಲ್ಲಿಗೆ ತುಂಬಿಸಿಕೊಂಡು, ಬೆಳಗಾದ ಮೇಲೆ ಬೆಳೆಗೆ ಬಿಡಬಹುದು. ಮೊಬೈಲಿನಿಂದ ನಡೆಯುವ ಸ್ಟಾರ್ಟರ್ ಹಾಕಿಸುವವರು, ಫೇಸ್ ಹೋದರೂ ನೀರು ಬತ್ತಿದರೂ ಮೋಟಾರನ್ನು ತಾನಾಗಿ ನಿಲ್ಲಿಸುವ ಏರ್ಪಾಡು ಇರುವುದನ್ನೇ ಕೇಳಿ ತೆಗೆದುಕೊಳ್ಳಬೇಕು. ಕರೆಂಟು ಬಂದ ಕ್ಷಣಕ್ಕೆ ಎಲ್ಲರ ಮೋಟಾರೂ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ತಾಳುವುದಿಲ್ಲವಾದ್ದರಿಂದ, ಒಬ್ಬರದಾದ ಮೇಲೆ ಒಬ್ಬರದು ಎರಡು ಮೂರು ನಿಮಿಷ ಬಿಟ್ಟು ಆರಂಭವಾಗುವಂತೆ ಹೊಂದಿಸಿಕೊಳ್ಳಿರಿ.

2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯ ಒಂದು ಭಾಗ, ಪಂಪ್‌ಸೆಟ್ಟುಗಳ ಫೀಡರುಗಳಿಗೇ ಸೌರ ವಿದ್ಯುತ್ ಜೋಡಿಸಿ ಹಗಲು ಹೊತ್ತಿನಲ್ಲಿ ಕರೆಂಟು ಕೊಡುವುದು. ತಮ್ಮ ಫೀಡರು ಅದರ ಪಟ್ಟಿಯಲ್ಲಿದೆಯೇ, ಇಲ್ಲವಾದರೆ ಸೇರಿಸಲು ಏನು ಬೇಕು ಎಂಬುದನ್ನು ಗ್ರಾಮದವರು ಒಟ್ಟಾಗಿ ಹೋಗಿ ವಿದ್ಯುತ್ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಬಹುದು. ಹೋಗುವಾಗ ಕಳೆದ ಎರಡು ತಿಂಗಳಲ್ಲಿ ತಮ್ಮ ಫೀಡರಿಗೆ ಯಾವ ದಿನ ಯಾವ ಹೊತ್ತಿಗೆ ತ್ರೀಫೇಸ್ ಬಂದಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ತೆಗೆದುಕೊಂಡು ಹೋಗುವುದು.